ಪೋರ್ಟ್ ಮಾಡಿಸುವ ಮೊದಲು ಬಿಎಸ್‌ಎನ್‌ಎಲ್ ಸಿಮ್ ಹಾಕಿ ನೋಡಿದೆವು

ನಂಬರ್ ಪೋರ್ಟ್ ಮಾಡಿಸಬೇಕು, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಾಯಿಸಬೇಕು ಅಂತ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಪೋರ್ಟಿಂಗ್ ಕೋಡ್ ಕೇಳಿ ಸೀದಾ 1900ಕ್ಕೆ ಮೆಸೇಜ್ ಕಳಿಸಬೇಡಿ. ಹೊಸ ಕಂಪನಿಯ ಒಂದು ಸಿಮ್ ತಗೊಂಡು ಎರಡನೇ ಸ್ಲಾಟ್‌ಗೆ ಹಾಕಿ, ನೀವು ದಿನಾ ಓಡಾಡುವ ಕಡೆಯೆಲ್ಲ ಬಳಸಿ ನೋಡಿ. ಯಾಕಂದ್ರೆ ಒಮ್ಮೆ ಪೋರ್ಟ್ ಆದರೆ 90 ದಿನ ಅಲ್ಲೇ ಇರಬೇಕು, ಅಷ್ಟರೊಳಗೆ ಬೇರೆ ಕಡೆ ಹೋಗೋಣ ಅಂದರೆ ಪೋರ್ಟಿಂಗ್ ಕೋಡೇ ಬರುವುದಿಲ್ಲ. ಬ್ಯಾಂಕಿನ ಒಟಿಪಿ ಬರಬೇಕಾದ ನಂಬರಿಗೆ ಮೂರು ತಿಂಗಳು ಸಿಗ್ನಲ್ ಇಲ್ಲ ಅಂದರೆ ಏನು ಮಾಡುತ್ತೀರಿ?

ನಾವು ನೋಡಿದ್ದು ಬಿಎಸ್‌ಎನ್‌ಎಲ್, ಅಮ್ಮನ ನಂಬರಿಗೋಸ್ಕರ. ನಾನಿರುವುದು ಬೆಂಗಳೂರು, ಅಪ್ಪ ಅಮ್ಮ ಇರುವುದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಗ್ಯಾಸು, ಬ್ಯಾಂಕು, ಆಧಾರ್, ಸೊಸೈಟಿ ಎಲ್ಲದಕ್ಕೂ ಕೊಟ್ಟಿರುವುದು ಅಮ್ಮನ ನಂಬರ್ ಒಂದೇ. 2024ರ ಜುಲೈನಲ್ಲಿ ಜಿಯೋ, ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ) ಮೂವರೂ ರೇಟ್ ಜಾಸ್ತಿ ಮಾಡಿದಾಗಲೇ ಈ ಮಾತು ಮನೆಯಲ್ಲಿ ಬಂದಿತ್ತು. ಆದರೆ ದುಡ್ಡಿಗಿಂತ ದೊಡ್ಡ ತೊಂದರೆ ಮಳೆಗಾಲದ್ದು. ಮಲೆನಾಡಲ್ಲಿ ಮಳೆ ಹಿಡಿದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಹೋದರೆ ಯಾವಾಗ ಬರುತ್ತದೆ ಅಂತ ಹೇಳುವಂತಿಲ್ಲ. ಟವರಿನ ಬ್ಯಾಟರಿ ಖಾಲಿಯಾದ ಮೇಲೆ ಹಳೆ ಸಿಮ್‌ನಲ್ಲಿ ಸಿಗ್ನಲ್ಲೂ ಹೋಗುತ್ತಿತ್ತು. ವಯಸ್ಸಾದವರಿಬ್ಬರೇ ಇರುವ ಮನೆ, ರಾತ್ರಿ ಫೋನ್ ಮಾಡಿದರೆ ಸ್ವಿಚ್ ಆಫ್ ಅಂತ ಬಂದರೆ ಇಲ್ಲಿ ನನಗೆ ನಿದ್ದೆ ಬರುತ್ತಿರಲಿಲ್ಲ.

2025ರ ಆಗಸ್ಟ್‌ನಲ್ಲಿ ಬಿಎಸ್‌ಎನ್‌ಎಲ್‌ನವರು ಹೊಸ ಗ್ರಾಹಕರಿಗೆ 1 ರೂಪಾಯಿ ಆಫರ್ ಬಿಟ್ಟರು. 30 ದಿನ, ಎಷ್ಟು ಬೇಕಾದರೂ ಕಾಲ್, ದಿನಕ್ಕೆ 2 ಜಿಬಿ ಡೇಟಾ, ಸಿಮ್ ಕೂಡ ಫ್ರೀ. ಪರೀಕ್ಷೆ ಮಾಡಿ ನೋಡುವವರಿಗೆ ಇದಕ್ಕಿಂತ ಒಳ್ಳೆ ಅವಕಾಶ ಬೇಕಾ? ಅದೂ ಸರಿಯಾಗಿ ಮಳೆಗಾಲದಲ್ಲಿ. ಆಧಾರ್ ಕೊಟ್ಟು ಸಿಮ್ ತಗೊಂಡು, ಊರಿಗೆ ಹೋದಾಗ ಜೊತೆಗೇ ಒಯ್ದೆ. ಇಂಥ ಆಫರ್ ಇಲ್ಲದಿದ್ದರೂ ಇರುವುದರಲ್ಲೇ ಚಿಕ್ಕ ಪ್ಲಾನ್ ಹಾಕಿಸಿ ನೋಡಿ, ಆ ದುಡ್ಡು ದಂಡವಲ್ಲ.

ಪರೀಕ್ಷೆಗೂ ಒಂದು ಕ್ರಮ ಇದೆ. ಮೊದಲು ವೈಫೈ ಆಫ್ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾಕ್ಕೆ ಹೊಸ ಸಿಮ್ ಆರಿಸಿ, ಡೇಟಾ ತಾನಾಗಿ ಇನ್ನೊಂದು ಸಿಮ್‌ಗೆ ಬದಲಾಗುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ. ಇಲ್ಲದಿದ್ದರೆ ಹಳೆ ಸಿಮ್‌ನಲ್ಲಿ ವಿಡಿಯೊ ಓಡುತ್ತಿರುತ್ತದೆ, ನೀವು ಹೊಸದು ಚೆನ್ನಾಗಿದೆ ಅಂದುಕೊಳ್ಳುತ್ತೀರಿ. ಬಿಎಸ್‌ಎನ್‌ಎಲ್‌ನಲ್ಲಿ ಇನ್ನೊಂದು ಕೆಲಸ ಇದೆ, ಆಕ್ಟ್‌ವೋಲ್ಟ್‌ಇ (ACTVOLTE) ಅಂತ ಇಂಗ್ಲಿಷ್‌ನಲ್ಲಿ ಒಂದೇ ಪದವಾಗಿ ಬರೆದು 53733ಕ್ಕೆ ಮೆಸೇಜ್ ಕಳಿಸಬೇಕು. ವೋಲ್ಟ್‌ಇ ಅಂದರೆ 4ಜಿಯಲ್ಲೇ ಕಾಲ್ ಮಾಡುವ ವ್ಯವಸ್ಥೆ, ಅದಿಲ್ಲದಿದ್ದರೆ ಕಾಲ್ ಬಂದ ಕೂಡಲೇ ಫೋನ್ 4ಜಿ ಬಿಟ್ಟು ಹಳೆ 2ಜಿ ಅಥವಾ 3ಜಿಗೆ ಇಳಿಯುತ್ತದೆ.

ಸಿಗ್ನಲ್ ಕಡ್ಡಿ ಎಣಿಸಬೇಡಿ, ಫೋನಿನಿಂದ ಫೋನಿಗೆ ಅದರ ಲೆಕ್ಕ ಬೇರೆ. ಆಂಡ್ರಾಯ್ಡ್‌ನಲ್ಲಿ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಅಂತ ಇರುತ್ತದೆ, ಅಲ್ಲಿ ಸಿಗ್ನಲ್ ಎಷ್ಟು ಬಲವಾಗಿದೆ ಅನ್ನುವುದು ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ, ಮೈನಸ್ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಚೆನ್ನ. ಮೈನಸ್ 90ರ ಆಚೀಚೆ ಇದ್ದರೆ 4ಜಿಗೆ ಒಳ್ಳೇದು. ಮೈನಸ್ 110 ದಾಟಿದರೆ ಕಾಲ್ ತುಂಡಾಗತೊಡಗುತ್ತದೆ. ನಮ್ಮದು ದಪ್ಪ ಮಣ್ಣಿನ ಗೋಡೆಯ ಹಳೆ ಮನೆ. ಜಗುಲಿಯಲ್ಲಿ ಮೈನಸ್ 88 ತೋರಿಸಿದ್ದು ಅಡಿಗೆಮನೆ ಒಲೆಯ ಹತ್ತಿರ ಹೋದರೆ ಮೈನಸ್ 104. ಆದರೂ ಅಲ್ಲಿಂದ ಅಮ್ಮ ಅಕ್ಕನ ಹತ್ತಿರ ಆರಾಮಾಗಿ ಮಾತಾಡಿದರು, ಎಲ್ಲೂ ಕಟ್ ಆಗಲಿಲ್ಲ. ಹಳೆ ಸಿಮ್‌ನಲ್ಲಿ ಮಾತಾಡಬೇಕಾದರೆ ಅಂಗಳಕ್ಕೆ ಬಂದು ನಿಲ್ಲಬೇಕಿತ್ತು. ಕೆಳಗೆ ಅಡಿಕೆ ತೋಟದಲ್ಲಿ, ಹಳ್ಳದ ಪಕ್ಕ, ಡೇಟಾ ನಿಧಾನವಾದರೂ ಕಾಲ್ ಹೋಗುತ್ತಿತ್ತು. ತೋಟದಲ್ಲಿ ಯಾರಾದರೂ ಜಾರಿ ಬಿದ್ದರೆ ಬೇಕಾಗಿರುವುದು ಕಾಲ್ ತಾನೇ.

ಮುಖ್ಯವಾದದ್ದು ಕರೆಂಟ್ ಹೋದ ದಿನ. ಬೆಳಿಗ್ಗೆ ಹೋದದ್ದು ಸಂಜೆ ಆದರೂ ಬಂದಿರಲಿಲ್ಲ. ಹಳೆ ಸಿಮ್ ಮಧ್ಯಾಹ್ನವೇ ಸತ್ತಿತ್ತು, ಬಿಎಸ್‌ಎನ್‌ಎಲ್ ಕತ್ತಲಾದ ಮೇಲೂ ಜೀವಂತ ಇತ್ತು. ಇದು ನಮ್ಮ ಟವರಿನ ಕಥೆ. ನಿಮ್ಮೂರಿನ ಟವರಿಗೆ ಎಂಥ ಬ್ಯಾಟರಿ ಇದೆ, ಜನರೇಟರ್ ಇದೆಯಾ ಅನ್ನುವುದರ ಮೇಲೆ ಪೂರಾ ಉಲ್ಟಾ ಆಗಬಹುದು. ಅದಕ್ಕೇ ಕರೆಂಟ್ ಇಲ್ಲದ ಒಂದು ದಿನವಾದರೂ ನೋಡಿ ಅನ್ನುವುದು. ಟೆಲಿಕಾಂ ಕಂಪನಿಗಳ ನಿಯಂತ್ರಣ ಸಂಸ್ಥೆ ಟ್ರಾಯ್ ಹೇಳಿದ ಮೇಲೆ 2025ರಿಂದ ಎಲ್ಲ ಕಂಪನಿಗಳೂ ತಮ್ಮ ವೆಬ್‌ಸೈಟಿನಲ್ಲಿ ಕವರೇಜ್ ಮ್ಯಾಪ್ ಹಾಕಿವೆ, ಅದನ್ನೂ ನೋಡಿ, ಆದರೆ ಮ್ಯಾಪಿನಲ್ಲಿ ನಿಮ್ಮ ಅಡಿಗೆಮನೆ ಇರುವುದಿಲ್ಲ.

ಫೋನ್ ವಿಷಯ ಒಂದಿದೆ. ಬಿಎಸ್‌ಎನ್‌ಎಲ್ 4ಜಿ ಹೆಚ್ಚಾಗಿ ಬಳಸುವುದು 700 ಮತ್ತು 2100 ಮೆಗಾಹರ್ಟ್ಸ್ ತರಂಗಗಳನ್ನು. ಇದರಲ್ಲಿ ದೂರ ಹೋಗುವುದು, ಗೋಡೆ ದಾಟುವುದು 700, ಅದಕ್ಕೆ ಫೋನಿನಲ್ಲಿ ಬ್ಯಾಂಡ್ 28 ಇರಬೇಕು. ಅಪ್ಪನ ಹಳೆ ಫೋನಿನಲ್ಲಿ ಅದಿಲ್ಲ. ಅದೇ ಸಿಮ್, ಅದೇ ಜಗುಲಿ, ಆದರೆ ಅವರ ಫೋನಿನಲ್ಲಿ 4ಜಿ ಬರುವುದೇ ಕಷ್ಟ. ಆದ್ದರಿಂದ ನಂಬರ್ ಯಾರದ್ದೋ ಅವರ ಫೋನಿಗೇ ಸಿಮ್ ಹಾಕಿ ನೋಡಿ, ನಿಮ್ಮ ಹೊಸ ಫೋನಿನಲ್ಲಿ ನೋಡಿ ತೀರ್ಮಾನ ಮಾಡಬೇಡಿ.

ಬೆಂಗಳೂರಿನವರಿಗೆ ನಾನು ಇದೇ ಮಾತು ಹೇಳಲ್ಲ. ಜಿಯೋ, ಏರ್‌ಟೆಲ್ 2022ರಲ್ಲೇ 5ಜಿ ಶುರು ಮಾಡಿದವು, ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಅಧಿಕೃತವಾಗಿ ಉದ್ಘಾಟನೆ ಆದದ್ದೇ 2025ರ ಸೆಪ್ಟೆಂಬರ್ 27ಕ್ಕೆ. ಅದರ ರೇಡಿಯೊ ಉಪಕರಣ ಮಾಡಿಕೊಟ್ಟದ್ದು ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್, ಅದರ ಬಗ್ಗೆ ನನಗೆ ನಿಜವಾಗಲೂ ಹೆಮ್ಮೆ ಇದೆ. ಆದರೆ 5ಜಿ ವೇಗಕ್ಕೆ ಒಗ್ಗಿದವರು, ಮನೆಯಿಂದ ಆಫೀಸ್ ಕೆಲಸ ಮಾಡುವವರು ಈಗಲೇ ಮುಖ್ಯ ನಂಬರನ್ನು ಇಲ್ಲಿಗೆ ತರಬೇಕಾಗಿಲ್ಲ. ನನ್ನ ನಂಬರ್ ನಾನು ಬದಲಾಯಿಸಿಲ್ಲ.

ಅಮ್ಮನದ್ದು ಮಾತ್ರ ಪೋರ್ಟ್ ಮಾಡಿಸಿದೆವು. ಮಾಡಿಸುವವರು ಹಳೆ ಪ್ಲಾನ್ ಮುಗಿಯುವ ಹೊತ್ತಿಗೆ ಮಾಡಿಸಿ, ಉಳಿದ ಬ್ಯಾಲೆನ್ಸ್, ವ್ಯಾಲಿಡಿಟಿ ಯಾವುದೂ ಜೊತೆಗೆ ಬರುವುದಿಲ್ಲ. ಪೋರ್ಟ್ ಅಂತ ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಕಳಿಸಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ. ಅದನ್ನು ಹೊಸ ಕಂಪನಿಗೆ ಕೊಡಬೇಕು, ನಾಲ್ಕು ದಿನ ನಡೆಯುತ್ತದೆ. ಯಾವ ಪ್ಲಾನ್ ಇದ್ದರೂ ಈ ಮೆಸೇಜ್ ಹೋಗಲೇಬೇಕು ಅಂತ ಟ್ರಾಯ್ 2021ರಲ್ಲೇ ಆದೇಶ ಮಾಡಿದೆ, ಯಾರಾದರೂ ಅದಕ್ಕೆ ದೊಡ್ಡ ರೀಚಾರ್ಜ್ ಮಾಡಿಸಿ ಅಂದರೆ ನಂಬಬೇಡಿ. ಸಿಮ್ ಕಳೆದು ಹೊಸದು ತಗೊಂಡಿದ್ದರೆ ಏಳು ದಿನ ಕಾಯಬೇಕು. ಒಂದೇ ರಾಜ್ಯದೊಳಗೆ ಆದರೆ ಮೂರು ಕೆಲಸದ ದಿನದಲ್ಲಿ ಬದಲಾಗುತ್ತದೆ. ಬದಲಾಗುವ ಹೊತ್ತಿನಲ್ಲಿ ಸ್ವಲ್ಪ ಸಮಯ ಸಿಗ್ನಲ್ ಇರುವುದಿಲ್ಲ, ಆ ದಿನ ಬ್ಯಾಂಕಿನ ಕೆಲಸ ಇಟ್ಟುಕೊಳ್ಳಬೇಡಿ. ಕೋಡ್ ತಗೊಂಡ ಕೂಡಲೇ ಹಳೆ ಕಂಪನಿಯಿಂದ ಇಲ್ಲದ ಆಫರ್ ಹೇಳಿಕೊಂಡು ಕಾಲ್ ಮೇಲೆ ಕಾಲ್ ಬಂತು. ಅಮ್ಮ ಅವರಿಗೆ "ಕರೆಂಟ್ ಹೋದಾಗ ಫೋನ್ ಬರುತ್ತಾ?" ಅಂತ ಕೇಳಿದರು, ಅದಕ್ಕೆ ಆ ಹುಡುಗಿ ಉತ್ತರ ಕೊಡಲಿಲ್ಲ.

ಅಪ್ಪನ ನಂಬರನ್ನು ಹಳೆ ಕಂಪನಿಯಲ್ಲೇ ಬಿಟ್ಟಿದ್ದೇವೆ. ಅವರ ಫೋನಿಗೆ ಬ್ಯಾಂಡ್ 28 ಇಲ್ಲ ಅನ್ನುವುದು ಒಂದು, ಬಿಎಸ್‌ಎನ್‌ಎಲ್ ಟವರಿಗೇ ಏನಾದರೂ ಆದರೆ ಮನೆಯಲ್ಲಿ ಇನ್ನೊಂದು ಇರಲಿ ಅನ್ನುವುದು ಇನ್ನೊಂದು.