ತೊಗಟೆ, ಮಾಸ್, ಮಣ್ಣಿನ ಗುಂಡು: ಒಂದೇ ಕಿಟಕಿಯಲ್ಲಿ ಮೂರು ಆರ್ಕಿಡ್ ಕುಂಡ

ನನಗೆ ನೀರು ಹಾಕುವ ಚಟ. ಗಿಡ ಕಂಡರೆ ಕೈ ಸುಮ್ನೆ ಇರುವುದಿಲ್ಲ. ಹೀಗೆ ನಾಲ್ಕು ಆರ್ಕಿಡ್‌ಗಳ ಬೇರು ಕೊಳೆಸಿದ ಮೇಲೆ, ನನ್ನಂಥವಳ ಕೈಯಲ್ಲೂ ಬದುಕುವ ಗಿಡ ಯಾವುದರಲ್ಲಿ ಬೆಳೆಯುತ್ತದೆ ಅಂತ ನೋಡಲು ಹೊರಟೆ. ಫಲೆನೊಪ್ಸಿಸ್ ಅನ್ನುವ ಆರ್ಕಿಡ್‌ನ ಮೂರು ಗಿಡ ತಂದೆ. ಒಂದನ್ನು ತೊಗಟೆ ಚೂರಿನಲ್ಲಿ ಇಟ್ಟೆ, ಒಂದನ್ನು ಸ್ಫ್ಯಾಗ್ನಮ್ ಮಾಸ್ ಅನ್ನುವ, ನೀರು ಹೀರಿಕೊಳ್ಳುವ ಒಣ ಹಾವಸೆಯಲ್ಲಿ, ಮೂರನೆಯದನ್ನು ಲೆಕಾ ಅನ್ನುವ ಸುಟ್ಟ ಮಣ್ಣಿನ ಗುಂಡುಗಳಲ್ಲಿ. ಮೂರಕ್ಕೂ ಒಂದೇ ಕಿಟಕಿ. ಎರಡು ವರ್ಷ ಆಯ್ತು.

ತೊಗಟೆಯ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಫಲೆನೊಪ್ಸಿಸ್ ಮರದ ಕೊಂಬೆಗೆ ಅಂಟಿಕೊಂಡು ಬದುಕುವ ಜಾತಿ, ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ತೊಗಟೆ ಚೂರುಗಳ ಸಂದಿಯಲ್ಲಿ ಗಾಳಿ ಧಾರಾಳವಾಗಿ ಆಡುತ್ತದೆ. ಬೇರು ಬೂದುಬಿಳಿಯಾಗಿದ್ದರೆ ಒಣಗಿದೆ, ಹಸಿರಾಗಿದ್ದರೆ ಇನ್ನೂ ನೀರಿದೆ, ಅಷ್ಟು ಗೊತ್ತಿದ್ದರೆ ಸಾಕು. ತೊಂದರೆ ಬರುವುದು ನಿಧಾನಕ್ಕೆ. ತೊಗಟೆ ಕೊಳೆಯುವ ವಸ್ತು. ಎರಡನೇ ವರ್ಷ ಕುಂಡ ಬಗ್ಗಿಸಿ ನೋಡಿದರೆ ತಳದ ಚೂರುಗಳು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತಿದ್ದವು, ಗೊಬ್ಬರದ ವಾಸನೆ ಬೇರೆ. ಗಾಳಿ ಹೋಗುವ ಜಾಗ ಮುಚ್ಚಿಹೋಗಿತ್ತು.

ಮಾಸ್ ಮೊದಲ ಆರು ತಿಂಗಳು ಎಲ್ಲರಿಗಿಂತ ಮುಂದಿತ್ತು. ಹೊಸ ಎಲೆ ಬಂತು, ಬೇರೂ ಬಂತು. ಆದರೆ ಅದು ಮೋಸಗಾರ. ಮೇಲೆ ಮುಟ್ಟಿದರೆ ಗರಗರ ಅನ್ನುತ್ತದೆ, ಒಳಗೆ ಹಿಂಡಿದರೆ ನೀರು ಇಳಿಯುತ್ತದೆ. ನನ್ನಂಥವರು ಮೇಲ್ಭಾಗ ನೋಡಿ ಮತ್ತೆ ನೀರು ಹಾಕುತ್ತೇವೆ, ಅಲ್ವಾ? ಒತ್ತಿ ತುಂಬಿದ್ದೂ ನನ್ನದೇ ತಪ್ಪು. ನಡುವಿನ ಬೇರುಗಳೆಲ್ಲ ಹೋದವು.

ಇನ್ನು ಮಣ್ಣಿನ ಗುಂಡು. ಇವು ಭಾರೀ ಬಿಸಿಯಲ್ಲಿ ಉಬ್ಬಿಸಿ ಸುಟ್ಟ ಜೇಡಿಮಣ್ಣು, ಒಳಗೆಲ್ಲ ಸಣ್ಣ ಸಣ್ಣ ರಂಧ್ರ. ಕೊಳೆಯುವ ಮಾತೇ ಇಲ್ಲ, ತೊಳೆದು ಮತ್ತೆ ಬಳಸಬಹುದು. ಕುಂಡದ ತಳಕ್ಕೆ ತೂತು ಇರಬಾರದು. ತಳದಿಂದ ಸುಮಾರು 2.5 ಸೆಂಟಿಮೀಟರ್ ಮೇಲೆ, ಪಕ್ಕದಲ್ಲಿ ಎರಡು ತೂತು ಕೊರೆಯಬೇಕು. ಆ ಮಟ್ಟದವರೆಗೆ ನೀರು ನಿಲ್ಲುತ್ತದೆ, ಹೆಚ್ಚಾದದ್ದು ಹೊರಗೆ ಹರಿಯುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಗುಂಡುಗಳು ಒಂದರಿಂದ ಒಂದಕ್ಕೆ ನೀರನ್ನು ಮೇಲಕ್ಕೆ ಎಳೆಯುತ್ತವೆ, ಸಂದಿಗಳಲ್ಲಿ ಗಾಳಿ ಉಳಿಯುತ್ತದೆ. ನಾನು ಎಷ್ಟು ಸುರಿದರೂ ನೀರು ಆ ತೂತಿನ ಮೇಲೆ ಏರುವುದಿಲ್ಲ. ನನ್ನ ಚಟಕ್ಕೆ ಇದಕ್ಕಿಂತ ಒಳ್ಳೆಯ ಔಷಧ ಇಲ್ಲ.

ಆದರೆ ಮೊದಲ ಸಲ ಸೋತೆ. ಮೂರನೆಯ ಗಿಡವನ್ನು ಹೂವಿದ್ದಾಗಲೇ, ಅದು ಬಂದಿದ್ದ ತೊಗಟೆಯಿಂದ ಕಿತ್ತು ಗುಂಡುಗಳಿಗೆ ಹಾಕಿದೆ. ಆರು ವಾರಕ್ಕೆ ಎಲೆ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಎತ್ತಿ ನೋಡಿದರೆ ಬೇರುಗಳು ಟೊಳ್ಳು, ಎಳೆದರೆ ಸಿಪ್ಪೆ ಕೈಗೆ ಬಂದು ಒಳಗೆ ದಾರ ಮಾತ್ರ ಉಳಿಯುತ್ತಿತ್ತು. ಒಣಗುತ್ತಾ ನೆನೆಯುತ್ತಾ ಬೆಳೆದ ಹಳೆ ಬೇರಿಗೆ ಸದಾ ತೇವ ಒಗ್ಗುವುದಿಲ್ಲ. ಆ ತೇವದಲ್ಲೇ ಹುಟ್ಟಿದ ಹೊಸ ಬೇರು ಮಾತ್ರ ಅಲ್ಲಿ ಬಾಳುತ್ತದೆ. ಹಾಗಾಗಿ ಬುಡದಲ್ಲಿ ಹೊಸ ಬೇರಿನ ಹಸಿರು ತುದಿ ಕಾಣುವವರೆಗೆ ಕಾಯಬೇಕು. ಇಷ್ಟನ್ನು ಮೊದಲೇ ತಿಳಿದಿದ್ದರೆ ನಾಲ್ಕು ತಿಂಗಳು ಉಳಿಯುತ್ತಿತ್ತು.

ಆ ಗಿಡವನ್ನು ಉಳಿಸಿದ್ದು, ನಾನು ಬೈದ ಅದೇ ಮಾಸ್. ಕೊಳೆತದ್ದೆಲ್ಲ ಕತ್ತರಿಸಿ ಸಡಿಲವಾದ ಮಾಸ್‌ನಲ್ಲಿ ಕೂರಿಸಿದೆ. ಮೂರು ಹೊಸ ಬೇರು ಮೊಳೆತ ತಕ್ಷಣ ಗುಂಡುಗಳನ್ನು ಚೆನ್ನಾಗಿ ತೊಳೆದೆ (ಮೊದಲ ನೀರು ಕೆಂಪು ರಾಡಿ), ಒಂದು ದಿನ ನೆನೆಸಿ, ಮತ್ತೆ ನೆಟ್ಟೆ. ಮೂರು ತಿಂಗಳ ಮೇಲೆ ಒಂದು ಗುಂಡನ್ನು ಎತ್ತಲು ಹೋದರೆ ಬರಲಿಲ್ಲ. ದಪ್ಪನೆಯ ಬೇರು ಅದನ್ನು ಅಪ್ಪಿ, ಅಂಟಿಕೊಂಡ ಕಡೆ ಚಪ್ಪಟೆಯಾಗಿತ್ತು.

ಗುಂಡುಗಳಿಗೆ ಅವುಗಳದ್ದೇ ಕಿರಿಕಿರಿ ಇದೆ. ಮಣ್ಣು ಸುಟ್ಟದ್ದು, ಅದರಲ್ಲಿ ಆಹಾರವಿಲ್ಲ. ಗೊಬ್ಬರವನ್ನು ನೀರಿನಲ್ಲೇ ಕೊಡಬೇಕು. ನಾನು ಪೊಟ್ಟಣದಲ್ಲಿ ಹೇಳಿದ್ದರ ಕಾಲು ಭಾಗ ಹಾಕುತ್ತೇನೆ. ನೀರು ಆವಿಯಾಗಿ ಲವಣ ಉಳಿದು ಮೇಲಿನ ಗುಂಡುಗಳ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ತಿಂಗಳಿಗೊಮ್ಮೆ ಬರೀ ನೀರು ಸುರಿದು ಚೆನ್ನಾಗಿ ಹರಿಯಬಿಡುತ್ತೇನೆ. ಗಡಸು ನೀರಾದರೆ ಇದು ಇನ್ನೂ ಬೇಗ, ಮಳೆ ನೀರು ಸಿಕ್ಕರೆ ಬಿಡಬೇಡಿ. ಚಳಿಯಲ್ಲಿ ಆವಿಯಾಗುವ ನೀರು ಬೇರನ್ನು ತಣ್ಣಗೆ ಮಾಡುತ್ತದೆ, ಆಗ ಕುಂಡವನ್ನು ಗಾಜಿನಿಂದ ದೂರ ಸರಿಸುತ್ತೇನೆ. ಪಾರದರ್ಶಕ ಕುಂಡದಲ್ಲಿ ನೀರಿನ ಮಟ್ಟ ಕಾಣುತ್ತದೆ, ಆದರೆ ಪಾಚಿಯೂ ಬೆಳೆಯುತ್ತದೆ. ಬೆಳಕು ಬಿಡದ ಇನ್ನೊಂದು ಕುಂಡದೊಳಗೆ ಇಳಿಸಿಟ್ಟರೆ ಆಯ್ತು.

ಹೂವಿನ ವಿಷಯದಲ್ಲಿ ನನಗಂತೂ ವ್ಯತ್ಯಾಸ ಕಾಣಲಿಲ್ಲ. ಗುಂಡಿನಲ್ಲಿಟ್ಟರೆ ಹೂ ಜಾಸ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಈ ಖುಷಿಯಲ್ಲಿ ಬೇರೆ ಜಾತಿಯ ಇನ್ನೆರಡು ಆರ್ಕಿಡ್ ಗಿಡ ಗುಂಡುಗಳಿಗೆ ಸೇರಿಸಿದೆ. ಆನ್ಸಿಡಿಯಮ್ ಅಂತೂ ಗುಂಡುಗಳಿಗೇ ಹುಟ್ಟಿದ ಹಾಗಿದೆ. ಅದರ ಬೇರು ತೆಳು, ತೇವ ತಪ್ಪಿದರೆ ಹೊಸ ಎಲೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾಗಿ ಬರುತ್ತಿತ್ತು. ಈಗ ನೆಟ್ಟಗೆ ಬರುತ್ತಿದೆ. ಕ್ಯಾಟ್ಲಿಯಾ ಮಾತ್ರ ಮುನಿಸಿಕೊಂಡಿತು. ಎರಡು ನೀರಿನ ನಡುವೆ ಪೂರ್ತಿ ಒಣಗಬೇಕು ಅದಕ್ಕೆ. ಒಂದು ವರ್ಷ ನೋಡಿ ತೊಗಟೆಗೆ ವಾಪಸ್ ಹಾಕಿದೆ. ಅಲ್ಲೇ ಸುಖವಾಗಿದೆ, ನಾನು ದೂರ ಇದ್ದರೆ.

ಮೊನ್ನೆ ತೊಗಟೆಯ ಫಲೆನೊಪ್ಸಿಸ್ ಬುಡದಲ್ಲೂ ಎರಡು ಹಸಿರು ತುದಿ ಕಂಡವು. ಗುಂಡುಗಳು ಬಕೆಟ್‌ನಲ್ಲಿ ನೆನೆಯುತ್ತಿವೆ.