ಪ್ರಕಟನೆ ಓದುವವರಿಗೆ ಕನ್ನಡ ರೆಫರೆನ್ಸ್ ಬೈಬಲ್: ಆರು ವರ್ಷ ಬಳಸಿದ ಮೇಲಿನ ಮಾತು

ರೆಫರೆನ್ಸ್ ಬೈಬಲ್ (ಸಂಬಂಧಪಟ್ಟ ಬೇರೆ ವಚನಗಳನ್ನು ಪುಟದಲ್ಲೇ ಸೂಚಿಸುವ ಬೈಬಲ್) ಕೊಳ್ಳುವವರು ಸಾಮಾನ್ಯವಾಗಿ ಅಡಿಟಿಪ್ಪಣಿ ಎಷ್ಟಿದೆ, ಬಣ್ಣದ ನಕಾಶೆ ಎಷ್ಟಿವೆ ಎಂದು ತಿರುವಿ ನೋಡುತ್ತಾರೆ. ಬೈಬಲಿನ ಕೊನೆಯ ಪುಸ್ತಕವಾದ, ಯೋಹಾನನು ಬರೆದ ‘ಪ್ರಕಟನೆ’ ಮತ್ತು ಹಳೆಯ ಒಡಂಬಡಿಕೆಯ ದಾನಿಯೇಲನ ದರ್ಶನಗಳಿಗಾಗಿ ಕೊಳ್ಳುವುದಾದರೆ ನೋಡಬೇಕಾದದ್ದು ಎರಡು ಕಾಲಮ್ಮಿನ ನಡುವೆ ಇರುವ ಸಣ್ಣಕ್ಷರದ ವಚನಸಂಖ್ಯೆಗಳ ಪಟ್ಟಿ. ಪ್ರಕಟನೆಯಲ್ಲಿರುವುದು 404 ವಚನ. ‘ಹೀಗೆ ಬರೆದದೆ’ ಎಂದು ಹೇಳಿ ಹಳೆಯ ಒಡಂಬಡಿಕೆಯ ಮಾತನ್ನು ಯೋಹಾನನು ಒಮ್ಮೆಯೂ ಎತ್ತಿಕೊಳ್ಳುವುದಿಲ್ಲ. ಆದರೆ ಅಲ್ಲಿನ ಪ್ರವಾದಿಗಳಾದ ದಾನಿಯೇಲ, ಯೆಹೆಜ್ಕೇಲ, ಯೆಶಾಯ, ಜೆಕರ್ಯರಿಂದ ಬಂದ ಚಿತ್ರವಿಲ್ಲದ ಅಧ್ಯಾಯ ಸಿಗುವುದು ಕಷ್ಟ. ಯಾವ ಚಿತ್ರ ಎಲ್ಲಿಯದು ಎಂದು ತೋರಿಸುವುದೇ ಆ ಪಟ್ಟಿಯ ಕೆಲಸ, ಮತ್ತು ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು. ಪ್ರಕಟನೆ 13:1-2 ತೆಗೆಯಿರಿ. ಸಮುದ್ರದಿಂದ ಏರಿಬರುವ ಮೃಗಕ್ಕೆ ಏಳು ತಲೆ, ಹತ್ತು ಕೊಂಬು. ಮೈ ಚಿರತೆಯಂತೆ, ಕಾಲು ಕರಡಿಯದು, ಬಾಯಿ ಸಿಂಹದ್ದು. ಪಕ್ಕದಲ್ಲಿ ದಾನಿಯೇಲ 7:3-7 ಎಂದು ಇರಲೇಬೇಕು. ಇಲ್ಲದಿದ್ದರೆ ಆ ಪ್ರತಿ ಬೇಡ. ಅಲ್ಲಿಗೆ ಹೋದರೆ ಸಿಂಹ, ಕರಡಿ, ಚಿರತೆ, ಆಮೇಲೆ ಕಬ್ಬಿಣದ ಹಲ್ಲಿನ ನಾಲ್ಕನೆಯ ಮೃಗ. ಯೋಹಾನನು ಆ ಮೊದಲ ಮೂರನ್ನು ಹಿಂದುಮುಂದಾಗಿ ಹೇಳುತ್ತಾನೆ. ತಲೆಗಳನ್ನು ಎಣಿಸಿ: ಸಿಂಹಕ್ಕೆ 1, ಕರಡಿಗೆ 1, ಚಿರತೆಗೆ 4, ಕೊನೆಯದಕ್ಕೆ 1, ಒಟ್ಟು 7. ಹತ್ತು ಕೊಂಬು ನಾಲ್ಕನೆಯದರದ್ದು. ದಾನಿಯೇಲನಲ್ಲಿ ಒಂದೊಂದು ಮೃಗವೂ ಒಂದು ಸಾಮ್ರಾಜ್ಯ; ಆ ನಾಲ್ಕನ್ನೂ ಯೋಹಾನನು ಒಂದೇ ಮೈಯಲ್ಲಿ ತುಂಬಿ ನಿಲ್ಲಿಸಿದ್ದಾನೆ. ಇಷ್ಟು ಕಂಡಮೇಲೆ ಇಂದಿನ ಯಾವ ದೇಶದ ಧ್ವಜದಲ್ಲಿ ಸಿಂಹವಿದೆ ಎಂದು ಹುಡುಕುವ ಅಗತ್ಯ ಬೀಳುವುದಿಲ್ಲ.

ಬಳಸುವ ಕ್ರಮವೂ ಮುಖ್ಯ. ಮೊದಲು ಪುಸ್ತಕ ತಾನೇ ಬಿಡಿಸಿ ಹೇಳಿದ ಗುರುತುಗಳನ್ನು ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಬೇಕು: 1:20ರಲ್ಲಿ ಏಳು ದೀಪಸ್ತಂಭ ಅಂದರೆ ಏಳು ಸಭೆ, 5:8ರಲ್ಲಿ ಧೂಪ ಅಂದರೆ ಪ್ರಾರ್ಥನೆ, 12:9ರಲ್ಲಿ ಘಟಸರ್ಪ ಅಂದರೆ ಸೈತಾನ, 17:15ರಲ್ಲಿ ನೀರು ಅಂದರೆ ಜನಾಂಗಗಳು, 19:8ರಲ್ಲಿ ನಾರುಮಡಿ ಅಂದರೆ ದೇವಜನರ ಸತ್ಕಾರ್ಯ. ದಾನಿಯೇಲ 8:20-21 ಟಗರು ಮೇದ್ಯ-ಪಾರಸಿಯರದು, ಹೋತ ಗ್ರೀಸಿನದು ಎಂದು ಹೆಸರಿಟ್ಟೇ ಹೇಳುತ್ತದೆ. ಇವು ಮುಗಿದಮೇಲೆ ಪಕ್ಕದ ವಚನಸಂಖ್ಯೆಗಳು. ಅಡಿಟಿಪ್ಪಣಿ ಕೊನೆಗೆ. ಈ ಕ್ರಮ ತಲೆಕೆಳಗಾದರೆ ಟಿಪ್ಪಣಿಕಾರನ ಕಣ್ಣಿನಿಂದಲೇ ವಚನ ಕಾಣತೊಡಗುತ್ತದೆ.

ಅಡಿಟಿಪ್ಪಣಿಯೇ ಆರು ವರ್ಷ ಬಳಸಿದ ಈ ಪ್ರತಿಯ ಸೋತ ಭಾಗ. 9ನೆಯ ಅಧ್ಯಾಯದ ಮಿಡತೆಗಳನ್ನು ಮುಂಬರುವ ಯುದ್ಧದ ಯಂತ್ರಗಳು ಎನ್ನುವ ಟಿಪ್ಪಣಿ, ಕುದುರೆಯ ರೂಪ ಹಳೆಯ ಒಡಂಬಡಿಕೆಯ ಯೋವೇಲ 2:4ರದು, ಸಿಂಹದ ಹಲ್ಲು ಯೋವೇಲ 1:6ರದು ಎಂಬ ಮಾತನ್ನೇ ಎತ್ತುವುದಿಲ್ಲ. ಪಕ್ಕದ ಪಟ್ಟಿಯಲ್ಲಿ ಆ ಎರಡೂ ವಚನಗಳಿವೆ! 13:18ರಲ್ಲಿ ಮೃಗದ ಸಂಖ್ಯೆಯಾದ 666ಕ್ಕೂ ಇದೇ ಗತಿ. ಮೊದಲ ಶತಮಾನದ ರೋಮ್ ಚಕ್ರವರ್ತಿ ನೀರೋ ಕೈಸರನ ಹೆಸರನ್ನು ಇಬ್ರಿಯ ಅಕ್ಷರಗಳಲ್ಲಿ ‘ನೆರೋನ್ ಕೆಸರ್’ ಎಂದು ಬರೆದು ಪ್ರತಿ ಅಕ್ಷರದ ಸಂಖ್ಯಾಬೆಲೆ ಕೂಡಿದರೆ 50+200+6+50+100+60+200, ಅಂದರೆ 666. ‘ನೆರೋನ್’ನ ಕೊನೆಯ ‘ನೂನ್’ (ನ) ಅಕ್ಷರ ಬಿಟ್ಟರೆ 50 ಕಳೆದು 616. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಇರುವುದು ಆ 616. ಇದನ್ನು ಒಪ್ಪುವುದೂ ಬಿಡುವುದೂ ಓದುವವರಿಗೆ ಬಿಟ್ಟದ್ದು, ಆದರೆ ಹೇಳದೆ ಮುಚ್ಚಿಡುವುದು ಸರಿಯಲ್ಲ. ಮೊದಲ ಶತಮಾನದ ರೋಮಿಗೆ ಹೊಂದಿಸುವವರು, ಸಭೆಯ ಇತಿಹಾಸದುದ್ದಕ್ಕೂ ನೋಡುವವರು, ಮುಂದಿನ ಕಾಲಕ್ಕೆ ಇಡುವವರು, ಎಲ್ಲ ಕಾಲಕ್ಕೂ ಸಲ್ಲುವ ಚಿತ್ರ ಎನ್ನುವವರು ಎಂದು ನಾಲ್ಕು ಬಗೆಯ ಓದು ಇವೆ. ಟಿಪ್ಪಣಿ ಒಂದನ್ನೇ ಹಿಡಿದು, ಅದೊಂದೇ ಇರುವಂತೆ ಮಾತಾಡುತ್ತದೆ.

ಕಾಲಗಣನೆಯಲ್ಲಂತೂ ಪಕ್ಕದ ಪಟ್ಟಿ ಬಹಳ ನೆರವಾಗುತ್ತದೆ. 11:2ರ 42 ತಿಂಗಳು, 12:6ರ 1,260 ದಿನ, 12:14ರ ‘ಒಂದುಕಾಲ ಎರಡುಕಾಲ ಅರ್ಧಕಾಲ’ (ಕಾಲ ಅಂದರೆ ವರ್ಷ, ಒಟ್ಟು ಮೂರೂವರೆ) ಮೂರೂ ಒಂದಕ್ಕೊಂದು ಕೊಂಡಿ ಹಾಕಿಕೊಂಡು ದಾನಿಯೇಲ 7:25ಕ್ಕೆ ಹೋಗಿ ಸೇರುತ್ತವೆ. ತಿಂಗಳಿಗೆ 30 ದಿನ ಹಿಡಿದರೆ ಲೆಕ್ಕ ಸರಿಯಾಗಿ ಕೂಡುತ್ತದೆ. ಮೂರೂವರೆ ಎಂಬುದು ಏಳರ ಅರ್ಧ. ಪೂರ್ಣವಾಗದೆ ಮುರಿದುಬೀಳುವ ಕಾಲ.

ಅನುವಾದದ ಒಂದು ತೊಡಕನ್ನು ಹೇಳಲೇಬೇಕು. 5ನೆಯ ಅಧ್ಯಾಯದಿಂದ ಹಳೆಯ ಕನ್ನಡ ಅನುವಾದ ಕ್ರಿಸ್ತನನ್ನು ‘ಯಜ್ಞದ ಕುರಿಯಾದಾತನು’ ಎನ್ನುತ್ತದೆ. ಕಿವಿಗೆ ಗಂಭೀರವಾಗಿದೆ, ವಿಮೋಚನಕಾಂಡ 12ರಲ್ಲಿ ಪಸ್ಕ ಹಬ್ಬಕ್ಕೆ ಕೊಯ್ಯುವ ಕುರಿಯನ್ನೂ ನೆನಪಿಸುತ್ತದೆ. ಆದರೆ ಗ್ರೀಕಿನಲ್ಲಿ ಇರುವುದು ಬರೀ ‘ಕುರಿಮರಿ’. 13:11ರಲ್ಲಿ ಭೂಮಿಯಿಂದ ಬರುವ ಎರಡನೆಯ ಮೃಗದ ಕೊಂಬುಗಳಿಗೂ ಅದೇ ಪದ. ಕಪಟ ಕುರಿಮರಿ ನಿಜವಾದ ಕುರಿಮರಿಯನ್ನು ಅಣಕಿಸುತ್ತಿದೆ ಎಂಬುದು ಕನ್ನಡದಲ್ಲಿ ಎರಡು ಬೇರೆ ಮಾತುಗಳಾದ್ದರಿಂದ ಕಾಣುವುದೇ ಇಲ್ಲ. ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಸರಳ ಅನುವಾದಗಳಲ್ಲಿ ಇನ್ನೊಂದು ಎಚ್ಚರ ಬೇಕು: 21:16ರಲ್ಲಿ ಹೊಸ ಯೆರೂಸಲೇಮ್ ಪಟ್ಟಣದ ಅಳತೆಯಾದ 12,000 ಸ್ತಾದ್ಯವನ್ನು (ಹಳೆಯ ಗ್ರೀಕ್ ಉದ್ದಳತೆ) ಕಿಲೋಮೀಟರಿಗೆ ಇಳಿಸಿದ್ದರೆ ಇಸ್ರಾಯೇಲಿನ ಹನ್ನೆರಡು ಕುಲ, ಯೇಸುವಿನ ಹನ್ನೆರಡು ಅಪೊಸ್ತಲರ ಜೊತೆಗಿನ ನಂಟು ಹೋಯಿತು.

ಮೊಬೈಲ್ ಆ್ಯಪನ್ನು ಜೊತೆಗಿಟ್ಟುಕೊಳ್ಳಬಹುದು, ಬದಲಿಯಾಗಿ ಅಲ್ಲ. ‘ಕೊಂಬು’ ಎಂದು ಹುಡುಕಿದರೆ ಮೃಗದ ಕೊಂಬಿನ ಜೊತೆಗೆ ಊದುವ ಕೊಂಬೂ ಬಂದು ಬೆರೆಯುತ್ತದೆ. ಪ್ರಕಟನೆಯ ‘ತುತೂರಿ’ ಎಂದು ಹುಡುಕಿದರೆ ಯೋವೇಲ 2:1 ಸಿಗುವುದಿಲ್ಲ, ಏಕೆಂದರೆ ಅಲ್ಲಿ ಊದುವುದು ಕೊಂಬು.

ಕಟ್ಟು ಗಟ್ಟಿಯಾಗಿದೆ, ಆದರೆ ಸವೆತ ಒಂದೇ ಕಡೆ. ಒಂದು ಬೆರಳು ದಾನಿಯೇಲನಲ್ಲಿ, ಇನ್ನೊಂದು ಪ್ರಕಟನೆಯಲ್ಲಿ ಇಟ್ಟು ತಿರುವಿದಷ್ಟೂ ಹಿಂದಿನ ರಟ್ಟಿನ ಸಂದು ಎಳೆಯುತ್ತದೆ. ಮೂರನೆಯ ವರ್ಷಕ್ಕೆ ಕೊನೆಯ ಹಾಳೆಗಳ ಹೊಲಿಗೆ ಸಡಿಲಾಯಿತು. ಒಂದೇ ರಿಬ್ಬನ್ ಇರುವ ಪ್ರತಿಯಾದರೆ ಇನ್ನೊಂದನ್ನು ಬೈಂಡರ್ ಹತ್ತಿರ ಹಾಕಿಸಿಕೊಳ್ಳಿ. ಹಾಳೆ ತೀರಾ ತೆಳು: ಜೆಲ್ ಪೆನ್ನು, ಹೈಲೈಟರ್ ಎರಡೂ ಹಿಂಬದಿಗೆ ಇಳಿದು ಸಣ್ಣಕ್ಷರದ ಸಂಖ್ಯೆಗಳನ್ನೇ ಮೊದಲು ನುಂಗುತ್ತವೆ. ಎಚ್‌ಬಿ ಪೆನ್ಸಿಲ್ ಸಾಕು.