ಲಾಕ್‌ನಲ್ಲಿ ಬೋಟ್ ಇಳಿಯುವಾಗ ಹಗ್ಗಕ್ಕೆ ಗಂಟು ಹಾಕಬೇಡಿ

ಐರ್ಲೆಂಡಿನ ಶ್ಯಾನನ್ ನದಿಯಲ್ಲಿ ಬೋಟ್ ಬಾಡಿಗೆಗೆ ತಗೊಂಡು ನೀವೇ ಓಡಿಸುವ ಯೋಚನೆ ಇದ್ದರೆ ಇದನ್ನು ಓದಿ. ಕಳೆದ ಬೇಸಿಗೆಯಲ್ಲಿ ಅಲ್ಲಿ ನಮ್ಮ ಭಾವನ ಬೆರಳು ಸ್ವಲ್ಪದರಲ್ಲಿ ಉಳಿಯಿತು.

ಬಾಡಿಗೆ ಬೋಟ್ ಓಡಿಸಲು ಅಲ್ಲಿ ಲೈಸೆನ್ಸ್ ಬೇಡ. ಬೋಟ್ ಕೊಟ್ಟವರು 20 ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದರು. ಒಲೆ, ಶೌಚಾಲಯ, ಸ್ಟೀರಿಂಗ್ ತೋರಿಸಿದರು. ಲಾಕ್ ಬಗ್ಗೆ ಹೇಳಿದ್ದು ಒಂದೇ ಮಾತು: "ಅಲ್ಲಿ ಕೆಲಸದವರು ಇರುತ್ತಾರೆ, ನೋಡಿಕೊಳ್ಳುತ್ತಾರೆ."

ಲಾಕ್ ಅಂದರೆ ಎರಡು ಗೇಟುಗಳ ನಡುವಿನ ನೀರಿನ ತೊಟ್ಟಿ. ನದಿಯ ಮಟ್ಟ ತಗ್ಗುವ ಕಡೆ ಬೋಟನ್ನು ಅದರೊಳಗೆ ನಿಲ್ಲಿಸಿ, ನೀರು ಬಿಟ್ಟು, ನಿಧಾನಕ್ಕೆ ಕೆಳಗಿಳಿಸುತ್ತಾರೆ. ನಾವು ಕ್ಯಾರಿಕ್‌ನಿಂದ ಹರಿವಿನ ಜೊತೆ ದಕ್ಷಿಣಕ್ಕೆ ಹೊರಟಿದ್ದೆವು. ಮೊದಲನೆಯ ಆಲ್ಬರ್ಟ್ ಲಾಕ್‌ನಲ್ಲಿ ಅಲ್ಲಿನ ಕೆಲಸದವರೇ ಹಗ್ಗ ಹಿಡಿದುಕೊಂಡರು. ಹಾಗಾಗಿ ನಾವು ಏನೂ ಕಲಿಯಲಿಲ್ಲ.

ಎರಡನೆಯದು ರೂಸ್ಕಿ. ಬೋಟಿನ ಮುಂಭಾಗದ ಹಗ್ಗ ನನ್ನ ಕೈಯಲ್ಲಿತ್ತು. ಹಿಂಭಾಗದ್ದನ್ನು ಭಾವ ದಡದ ಗೂಟಕ್ಕೆ ಗಟ್ಟಿಯಾಗಿ ಕಟ್ಟಿಬಿಟ್ಟರು. ಬೋಟ್ ಅಲ್ಲಾಡಬಾರದು ಅಂತ ಅವರ ಕಾಳಜಿ. ನೀರು ಇಳಿಯತೊಡಗಿತು. ಮೊದಲು ಹಗ್ಗ ಕಿರ್ ಅಂತ ಸದ್ದು ಮಾಡಿತು. ಆಮೇಲೆ ಬೋಟಿನ ಹಿಂಭಾಗ ಮೇಲೆಯೇ ನಿಂತು, ಮುಂಭಾಗ ಮಾತ್ರ ಕೆಳಗೆ ಹೋಗತೊಡಗಿತು. ಒಳಗಿನಿಂದ ತಟ್ಟೆಗಳು ಬೀಳುವ ಸದ್ದು. ಮಗಳು ಅಡುಗೆಮನೆಯಲ್ಲಿದ್ದಳು. ಭಾವ ಗಂಟು ಬಿಚ್ಚಲು ಹೋದರು. ಅಷ್ಟು ಭಾರ ಬಿದ್ದ ಗಂಟು ಬಿಚ್ಚುವುದಿಲ್ಲ. ಹಗ್ಗಕ್ಕೂ ಗೂಟಕ್ಕೂ ನಡುವೆ ಅವರ ಬೆರಳು ಸಿಕ್ಕಿಕೊಂಡಿತು. ಲಾಕ್‌ನವರು ಕೂಗಿ, ನೀರು ನಿಲ್ಲಿಸಿ, ಓಡಿಬಂದು ಚಾಕುವಿನಿಂದ ಹಗ್ಗ ಕತ್ತರಿಸಿದರು. ಹಿಂಭಾಗ ಧಡ್ ಅಂತ ನೀರಿಗೆ ಬಿತ್ತು. ಬೆರಳಿಗೆ 6 ಹೊಲಿಗೆ. ಆ ಕ್ಷಣ ನೆನೆದರೆ ಈಗಲೂ ನನ್ನ ಕೈ ನಡುಗುತ್ತದೆ.

ಆಮೇಲೆ ಲಾಕ್‌ನವರೇ ಸರಿಯಾದ ಕ್ರಮ ತೋರಿಸಿದರು. ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಬಳಸಿ, ತುದಿಯನ್ನು ಬೋಟಿಗೇ ವಾಪಸ್ ತಂದು ಕೈಯಲ್ಲಿ ಹಿಡಿಯಬೇಕು. ನೀರು ಇಳಿದಂತೆ ಸಡಿಲ ಬಿಡುತ್ತಾ ಹೋಗಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬಾರದು. ಎಲ್ಲರೂ ಲೈಫ್ ಜಾಕೆಟ್ ಹಾಕಿರಬೇಕು, ಮಕ್ಕಳನ್ನು ಕಣ್ಣಿಗೆ ಕಾಣುವ ಕಡೆ ಕೂರಿಸಬೇಕು. ಇನ್ನೊಂದು ವಿಷಯ: ಲಾಕ್‌ನಲ್ಲಿ ಮೇಲಿನ ಗೇಟಿನ ಬುಡದಲ್ಲಿ ನೀರೊಳಗೆ ಕಲ್ಲಿನ ಮೆಟ್ಟಿಲು ಇರುತ್ತದೆ. ಇಳಿಯುವಾಗ ಬೋಟಿನ ಹಿಂಭಾಗ ಅದರ ಮೇಲೆ ಕೂತರೆ ಬೋಟ್ ಮುಳುಗಲೂಬಹುದು. ಆದ್ದರಿಂದ ಸಾಧ್ಯವಾದಷ್ಟು ಮುಂದಕ್ಕೆ ನಿಲ್ಲಿಸಿ. ಇದೆಲ್ಲವನ್ನೂ ಬೋಟ್ ಕೊಡುವವರ ಹತ್ತಿರ ಕೇಳಿ, ಅವರು ಎಷ್ಟೇ ಅವಸರ ಮಾಡಲಿ, ನೀವೇ ಒಮ್ಮೆ ಹಗ್ಗ ಹಿಡಿದು ಮಾಡಿ ನೋಡಿ.

ಮುಂದೆ ಲಾಕ್ ರೀ ಸರೋವರ. ಹೆಸರಲ್ಲಿ ಲಾಕ್ ಇದ್ದರೂ ಅಲ್ಲಿ ಅದಕ್ಕೆ ಸರೋವರ ಅಂತಲೇ ಅರ್ಥ. ಸುಮಾರು 29 ಕಿಲೋಮೀಟರ್ ಉದ್ದ. ಗಾಳಿ ಎದ್ದರೆ ಅಲೆ ಜೋರು, ಗುರುತು ಹಾಕಿದ ದಾರಿ ಬಿಟ್ಟರೆ ಕೆಳಗೆ ಬಂಡೆ. ನಾವು ಲೇನ್ಸ್‌ಬರೋದಲ್ಲಿ ಒಂದು ದಿನ ಕಾದೆವು. ಬೋಟ್ ತಡವಾಗಿ ವಾಪಸ್ ಕೊಟ್ಟರೆ ದಂಡ ಅಂತ ಹೇಳಿದ್ದರು, ಆದರೂ ಕಾದೆವು.

ಸರೋವರ ದಾಟಿದ ಮೇಲೆ ಅಥ್ಲೋನ್ ಲಾಕ್. ಅಲ್ಲಿ ಹಿಂದಿನ ಹಗ್ಗ ನಾನೇ ಹಿಡಿದೆ. ಭಾವ ಕಟ್ಟು ಹಾಕಿದ ಕೈಯನ್ನು ಎದೆಗೆ ಒತ್ತಿಕೊಂಡು, "ಬಿಡು, ಇನ್ನೂ ಸ್ವಲ್ಪ ಬಿಡು" ಅನ್ನುತ್ತಾ ಕೊನೆತನಕ ಪಕ್ಕದಲ್ಲೇ ನಿಂತಿದ್ದರು.